ಫ್ರೀಜರ್ ಲಾರಿಗೆ ಬ್ಲಾಕ್‌ಚೈನ್ ಕಟ್ಟಿದಾಗ ಕಲಿತದ್ದು

ನಾನು ಫರ್ಮ್‌ವೇರ್, ಅಂದರೆ ಯಂತ್ರದ ಚಿಪ್‌ನೊಳಗೆ ಓಡುವ ಕೋಡ್, ಬರೆಯುವವನು. ಪೀಣ್ಯದಲ್ಲಿರುವ ನಮ್ಮದು ಸಣ್ಣ ಕಂಪನಿ. ಸೆನ್ಸರ್, ಅದರ ಅಳತೆಯನ್ನು ದಾಖಲಿಸಿಡುವ ಲಾಗರ್, ಅದನ್ನು ಇಂಟರ್ನೆಟ್‌ಗೆ ಕಳಿಸುವ ಗೇಟ್‌ವೇ ಮಾಡಿಕೊಡುತ್ತೇವೆ. ಬರುವ ಗಿರಾಕಿಗಳಲ್ಲಿ ಸುಮಾರು ಜನ ಈಗ ಕೇಳುವುದು ಒಂದೇ: "ಇದಕ್ಕೆ ಬ್ಲಾಕ್‌ಚೈನ್ ಹಾಕ್ತೀರಾ?" ಬ್ಲಾಕ್‌ಚೈನ್ ಅಂದರೆ ಹಲವರ ಕಂಪ್ಯೂಟರ್‌ಗಳಲ್ಲಿ ಒಟ್ಟಿಗೆ ಇರುವ, ಯಾರೊಬ್ಬರೂ ಗುಟ್ಟಾಗಿ ತಿದ್ದಲಾಗದ ಖಾತೆ. ಅದು ಯಾಕೆ ಬೇಕು ಅಂತ ತಿರುಗಿ ಕೇಳಿದರೆ ಉತ್ತರ ಹೇಳುವವರು ಕಡಿಮೆ. ಆದರೆ ಒಬ್ಬರ ಬಳಿ ನಿಜವಾಗಿಯೂ ಉತ್ತರ ಇತ್ತು. ಈ ಬರಹ ಆ ಕೆಲಸದ್ದು.

ಮಲ್ಪೆ ಕಡೆಯಿಂದ ಬೆಂಗಳೂರಿಗೆ ಹೆಪ್ಪುಗಟ್ಟಿಸಿದ ಮೀನು, ಸಿಗಡಿ ಬರುತ್ತದೆ. ಮೈನಸ್ 18 ಡಿಗ್ರಿಯಲ್ಲೇ ಬರಬೇಕು. ನಡುವೆ ನಾಲ್ಕು ಕೈ: ಮೀನು ಸಂಸ್ಕರಿಸುವ ಘಟಕ, ಲಾರಿಯವರು, ನೆಲಮಂಗಲದ ಕೋಲ್ಡ್ ಸ್ಟೋರೇಜ್, ಹೋಟೆಲುಗಳಿಗೆ ಸರಬರಾಜು ಮಾಡುವ ಸಗಟು ವ್ಯಾಪಾರಿ. ಕೊನೆಯಲ್ಲಿ ಪೆಟ್ಟಿಗೆ ತೆರೆದಾಗ ಸಿಗಡಿ ಮೆತ್ತಗಾಗಿದ್ದರೆ ಎಲ್ಲರೂ ಪಕ್ಕದವರತ್ತ ಬೆರಳು ತೋರಿಸುತ್ತಾರೆ. ತಾಪಮಾನದ ದಾಖಲೆ ಮೊದಲೇ ಇತ್ತು. ಆದರೆ ಅದು ಲಾರಿಯವರ ಸರ್ವರ್‌ನಲ್ಲಿತ್ತು, ಅದನ್ನು ಉಳಿದ ಮೂವರು ನಂಬುತ್ತಿರಲಿಲ್ಲ. ಒಬ್ಬರ ಕೈಯಲ್ಲಿರದ ಖಾತೆ ಬೇಕು, ನಿಯಮ ಮೀರಿದರೆ ಬಾಡಿಗೆಯಿಂದ ಹಣ ತಾನಾಗಿಯೇ ಕಡಿತವಾಗಬೇಕು, ಮಧ್ಯೆ ಯಾರೂ ಕೈಯಾಡಿಸಬಾರದು. ಇದು ಅವರ ಬೇಡಿಕೆ.

ಕಲ್ಪನೆ ಹಳೆಯದೇ. 2015ರ ಸಿಇಎಸ್ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಐಬಿಎಂ ಮತ್ತು ಸ್ಯಾಮ್‌ಸಂಗ್ ಸೇರಿ ಅಡೆಪ್ಟ್ ಎಂಬ ಮಾದರಿಯನ್ನು ತೋರಿಸಿದ್ದವು. ಇಥೀರಿಯಂ ಎಂಬ ಬ್ಲಾಕ್‌ಚೈನ್, ಕಡತ ಹಂಚುವ ಬಿಟ್‌ಟೊರೆಂಟ್, ಸಂದೇಶ ಕಳಿಸುವ ಟೆಲಿಹ್ಯಾಶ್ ಮೂರನ್ನೂ ಜೋಡಿಸಿ ಮಾಡಿದ್ದು. ಬಟ್ಟೆ ಒಗೆಯುವ ಯಂತ್ರ ಡಿಟರ್ಜೆಂಟ್ ಮುಗಿದದ್ದನ್ನು ತಾನೇ ಗಮನಿಸಿ, ತಾನೇ ಆರ್ಡರ್ ಕೊಟ್ಟು, ತಾನೇ ದುಡ್ಡು ಪಾವತಿಸುವುದು ಅದರ ಉದಾಹರಣೆ. ಕೋಟಿಗಟ್ಟಲೆ ಯಂತ್ರಗಳಿಗೆ ಒಂದೇ ಕೇಂದ್ರ ಸರ್ವರ್ ಸಾಕುವುದು ದುಬಾರಿ, ಕಂಪನಿ ಮುಚ್ಚಿದರೂ ಯಂತ್ರ ನಡೆಯುತ್ತಿರಬೇಕು ಎನ್ನುವ ವಾದ ನನಗೆ ಈಗಲೂ ಸರಿ ಅನಿಸುತ್ತದೆ. ಆದರೆ ಡಿಟರ್ಜೆಂಟ್ ಡಬ್ಬಿ ನಿಜವಾಗಿ ಖಾಲಿಯಾಗಿದೆಯೇ ಎಂದು ಯಂತ್ರಕ್ಕೆ ಹೇಗೆ ಗೊತ್ತು? ಆ ಪ್ರಶ್ನೆ ಚೈನ್‌ನ ಹೊರಗೇ ಉಳಿಯುತ್ತದೆ. ನಮ್ಮ ಕೆಲಸದ ಬಹುಪಾಲು ಕಳೆದದ್ದು ಅಲ್ಲಿಯೇ.

ಮೊದಲು ಅಳತೆಯ ಲೆಕ್ಕ. ಕೋಲ್ಡ್ ಸ್ಟೋರೇಜ್ ಒಳಗಿನ ಸೆನ್ಸರ್‌ಗಳಿಗೆ ಲೋರಾ ಎಂಬ, ಕಡಿಮೆ ವಿದ್ಯುತ್ತಿನಲ್ಲಿ ದೂರ ಮುಟ್ಟುವ ರೇಡಿಯೋ ಇಟ್ಟಿದ್ದೆವು. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್‌ಗೆ ಲೈಸೆನ್ಸ್ ಬೇಡ, ಬ್ಯಾಟರಿ ವರ್ಷಗಟ್ಟಲೆ ಬರುತ್ತದೆ. ಆದರೆ ಲೋರಾ ಬಳಸುವ ಲೋರಾವ್ಯಾನ್ ಜಾಲದ ಅತಿ ನಿಧಾನದ ದರದಲ್ಲಿ ಒಂದು ಸಂದೇಶಕ್ಕೆ ಹಿಡಿಸುವುದು 51 ಬೈಟ್. ದಾಖಲೆ ಯಾವ ಯಂತ್ರದ್ದು ಎಂದು ತೋರಿಸಲು ಚೈನ್‌ಗೆ ಬೇಕಾದ ಡಿಜಿಟಲ್ ಸಹಿಯೇ 64 ಬೈಟ್. ಸಹಿಗೇ ಜಾಗ ಸಾಲದು, ಇನ್ನು ತಾಪಮಾನವನ್ನು ಎಲ್ಲಿ ಹಾಕುವುದು? ಹಾಗಾಗಿ ಪ್ರತಿ ಓದಿಗೂ ಸಹಿ ಎನ್ನುವ ಯೋಜನೆ ಕಾಗದದ ಮೇಲೇ ಸತ್ತಿತು. ಐದು ನಿಮಿಷಕ್ಕೊಂದು ಓದು ತೆಗೆದು, ಗಂಟೆಯ ಹನ್ನೆರಡು ಓದುಗಳನ್ನು ಮರ್ಕಲ್ ಮರವಾಗಿ ಹೆಣೆದು (ಪ್ರತಿ ಓದಿನ ಹ್ಯಾಶ್, ಅಂದರೆ ಬೆರಳಚ್ಚಿನಂಥ ಸಂಖ್ಯೆ, ತೆಗೆದು ಜೋಡಿ ಜೋಡಿಯಾಗಿ ಸೇರಿಸುತ್ತಾ ಒಂದಕ್ಕೆ ಇಳಿಸುವುದು), ಅದರ ಬೇರಿನ 32 ಬೈಟ್ ಹ್ಯಾಶ್‌ಗೆ ಮಾತ್ರ ಸಹಿ. ಚೈನ್‌ಗೆ ಹೋಗುವುದು ಆ ಬೇರು ಮತ್ತು ಸಹಿ; ಓದುಗಳು ಮಾಮೂಲಿ ಡೇಟಾಬೇಸ್‌ನಲ್ಲಿ. ಒಂದು ಅಂಕಿ ತಿದ್ದಿದರೂ ಬೇರು ಹೊಂದುವುದಿಲ್ಲ. ಕಚ್ಚಾ ಓದುಗಳನ್ನೆಲ್ಲ ಚೈನ್‌ಗೆ ಸುರಿಯುವ ಯೋಜನೆ ಯಾರಾದರೂ ತಂದರೆ ನಾನು ಅಲ್ಲೇ ಕೈ ಮುಗಿಯುತ್ತೇನೆ.

ಸಹಿ ಹಾಕುವ ಗುಟ್ಟಿನ ಕೀ ಮೈಕ್ರೋಕಂಟ್ರೋಲರ್‌ನ (ಯಂತ್ರ ನಡೆಸುವ ಮುಖ್ಯ ಚಿಪ್) ಫ್ಲ್ಯಾಶ್ ಮೆಮೊರಿಯಲ್ಲಿ ಇರಬಾರದು. ಅದಕ್ಕಾಗಿ ಎಟಿಇಸಿಸಿ608 ಎನ್ನುವ ಪುಟ್ಟ ಚಿಪ್ ಹಾಕಿದೆವು. ಕೀ ಅದರೊಳಗೇ ಹುಟ್ಟುತ್ತದೆ, ಹೊರಗೆ ಬರುವುದಿಲ್ಲ. ಸಹಿ ಮಾತ್ರ ಬರುತ್ತದೆ. 2016ರಲ್ಲಿ ಮಿರಾಯ್ ಬಾಟ್‌ನೆಟ್ (ಕಳ್ಳರು ವಶಪಡಿಸಿಕೊಂಡ ಯಂತ್ರಗಳ ದಂಡು) ಕ್ಯಾಮೆರಾ, ರೌಟರ್‌ಗಳನ್ನು ವಶ ಮಾಡಿಕೊಂಡದ್ದು ಕಾರ್ಖಾನೆಯಲ್ಲೇ ಇಟ್ಟ ಪಾಸ್‌ವರ್ಡ್ ಬಳಸಿ ಎನ್ನುವುದು ನಮ್ಮ ಕ್ಷೇತ್ರದವರು ಮರೆಯಬಾರದ ಸಂಗತಿ. ಪ್ರತಿ ಲಾಗರ್ ಪೆಟ್ಟಿಗೆಗೂ ಅದರದೇ ಗುರುತು ಬೇಕು, ಆ ಗುರುತು ಕಾರ್ಖಾನೆಯ ಟೇಬಲ್ ಮೇಲೆ ಹುಟ್ಟಬೇಕು. ಇದಕ್ಕೆ ಬ್ಲಾಕ್‌ಚೈನ್ ಬೇಕಿಲ್ಲ, ಶಿಸ್ತು ಬೇಕು.

ಈಗ ನೆಲಮಂಗಲದಲ್ಲಿ ಸರಕು ಇಳಿಸುವ ಡಾಕ್‌ಗೆ ಬನ್ನಿ. ಒಂದು ಲಾರಿಯ ಗ್ರಾಫ್ ಎಷ್ಟು ಚೆನ್ನಾಗಿತ್ತೆಂದರೆ ಅದೇ ಅನುಮಾನಕ್ಕೆ ಕಾರಣ. ಮಲ್ಪೆಯಿಂದ ಇಲ್ಲಿಯವರೆಗೆ ಮೈನಸ್ 21, ಮೈನಸ್ 22. ಶಿರಾಡಿ ಘಾಟಿ ಹತ್ತಿದ ಗುರುತೂ ಇಲ್ಲ, ದಾರಿಯಲ್ಲಿ ಅರ್ಧ ಲೋಡ್ ಇಳಿಸಿದ ಗುರುತೂ ಇಲ್ಲ. ಬಾಗಿಲ ಬಳಿಯ ಮೀನಿನ ಪೆಟ್ಟಿಗೆಗಳಲ್ಲಿ ಮಾತ್ರ ಮಂಜು ಕರಗಿ ಮತ್ತೆ ಹೆಪ್ಪುಗಟ್ಟಿದ ಗಟ್ಟಿ ಪದರ. ಒಳಗೆ ಹತ್ತಿ ನೋಡಿದರೆ ತಾಪಮಾನ ಅಳೆಯುವ ಪ್ರೋಬ್‌ನ ತಂತಿಯನ್ನು ಮೇಲಕ್ಕೆಳೆದು, ಮುಂಭಾಗದ ಬ್ಲೋವರ್‌ನ ಜಾಲರಿಗೆ ಗೋಣಿ ದಾರದಲ್ಲಿ ಬಿಗಿಯಾಗಿ ಕಟ್ಟಲಾಗಿತ್ತು. ಫ್ರೀಜರ್ ಲಾರಿಯಲ್ಲಿ ತಣ್ಣನೆ ಗಾಳಿ ಮುಂಭಾಗದಿಂದ ಹೊರಟು ಚಾವಣಿಯ ಕೆಳಗೆ ಹರಿದು ಹಿಂಬಾಗಿಲಿನ ಕಡೆಗೆ ಬರುತ್ತದೆ. ಬ್ಲೋವರ್‌ನ ಬಾಯಿ ಇಡೀ ಡಬ್ಬದಲ್ಲೇ ಅತಿ ತಣ್ಣಗಿನ ಜಾಗ, ಬಾಗಿಲು ಅತಿ ಬಿಸಿಯ ಜಾಗ.

ಡ್ರೈವರ್ ಏನನ್ನೂ ಮುಚ್ಚಿಡಲಿಲ್ಲ. "ಬಾಗ್ಲತ್ರ ಕಟ್ಟಿದ್ರೆ ನಿಮ್ ಲೈಟು ಕೆಂಪಾಗುತ್ತೆ ಸಾರ್, ಓನರ್ ಫೋನ್ ಮಾಡಿ ಬೈತಾರೆ. ಇಲ್ಲಿ ಕಟ್ಟಿದ್ರೆ ಊರು ಮುಟ್ಟೋವರ್ಗೂ ಹಸಿರು."

ಅಂದರೆ ಸಹಿ ಸರಿ, ಹ್ಯಾಶ್ ಸರಿ, ನಾಲ್ಕೂ ಪಕ್ಷದವರ ನೋಡ್‌ಗಳ (ಖಾತೆಯ ಪ್ರತಿ ಇಟ್ಟುಕೊಳ್ಳುವ ಕಂಪ್ಯೂಟರ್‌ಗಳ) ಒಪ್ಪಿಗೆ ಸರಿ. ದಾಖಲಾದದ್ದು ಮಾತ್ರ ಬ್ಲೋವರ್‌ನ ತಾಪಮಾನ, ಮೀನಿನದಲ್ಲ. ಅದನ್ನು ಇನ್ನು ಯಾರೂ ತಿದ್ದಲಾಗದಂತೆ ನಾವೇ ಭದ್ರವಾಗಿ ಇಟ್ಟಿದ್ದೆವು! ದೊಡ್ಡವರಿಗೂ ಇದೇ ತೊಂದರೆ ಆಗಿದೆ. ಮನೆಮನೆಯಲ್ಲಿ ಲೋರಾ ಹಾಟ್‌ಸ್ಪಾಟ್ (ರೇಡಿಯೋ ಗೇಟ್‌ವೇ) ಇಟ್ಟವರಿಗೆ ಟೋಕನ್ ಎಂಬ ಡಿಜಿಟಲ್ ನಾಣ್ಯ ಕೊಡುವ ಹೀಲಿಯಂ ಜಾಲ 2019ರಲ್ಲಿ ಶುರುವಾದ ಮೇಲೆ, ಹಾಟ್‌ಸ್ಪಾಟ್ ಇರುವ ಜಾಗವನ್ನೇ ಸುಳ್ಳು ಹೇಳಿ ಟೋಕನ್ ಗಳಿಸುವವರು ಹುಟ್ಟಿಕೊಂಡರು. ಅಂಥವರನ್ನು ಹೊರಗಿಡಲು ಒಂದು ಪಟ್ಟಿಯನ್ನೇ ಮಾಡಬೇಕಾಯಿತು. ಗಣಿತಕ್ಕೆ ಸಹಿ ಯಾರದು ಎಂದು ಗೊತ್ತಾಗುತ್ತದೆ, ಪೆಟ್ಟಿಗೆ ಎಲ್ಲಿ ಕೂತಿದೆ ಎಂದು ಗೊತ್ತಾಗುವುದಿಲ್ಲ.

ನಾವು ಮಾಡಿದ ಪರಿಹಾರದಲ್ಲಿ ಕ್ರಿಪ್ಟೋಗ್ರಫಿ ಇರಲಿಲ್ಲ. ಒಂದರ ಬದಲು ಎರಡು ಪ್ರೋಬ್: ಒಂದು ಬ್ಲೋವರ್ ಬಳಿ, ಇನ್ನೊಂದು ಬಾಗಿಲ ಬಳಿ ಸ್ಟೀಲ್ ಪೈಪ್‌ನೊಳಗೆ, ರಿವೆಟ್ ಹೊಡೆದು. ಬಾಗಿಲಿಗೆ ಒಂದು ರೀಡ್ ಸ್ವಿಚ್, ಅಂದರೆ ತೆರೆದದ್ದನ್ನು ಅಯಸ್ಕಾಂತದಿಂದ ತಿಳಿಯುವ ಸ್ವಿಚ್. ಎರಡು ಪ್ರೋಬ್‌ಗಳ ನಡುವೆ ಒಂದಿಷ್ಟು ವ್ಯತ್ಯಾಸ ಇರಲೇಬೇಕು. ಎರಡೂ ಗಂಟೆಗಟ್ಟಲೆ ಒಂದೇ ಅಂಕಿ ತೋರಿಸಿದರೆ ಯಾರೋ ಎರಡನ್ನೂ ಒಟ್ಟಿಗೆ ಕಟ್ಟಿದ್ದಾರೆ ಎಂದರ್ಥ. ಬಾಗಿಲು ತೆರೆದಿದೆ ಎಂದು ಸ್ವಿಚ್ ಹೇಳುವಾಗ ಹಿಂದಿನ ಪ್ರೋಬ್ ಅಲುಗಾಡದಿದ್ದರೂ ಅನುಮಾನ. ಇದಕ್ಕಿಂತ ಮುಖ್ಯವಾದ ಬದಲಾವಣೆ ಲೈಟ್‌ನದು. ಕೆಂಪು ದೀಪ ಕಂಡ ಕೂಡಲೇ ಓನರ್ ಬೈಯುವ ಪದ್ಧತಿ ಇದ್ದರೆ ಯಾವ ಡ್ರೈವರ್ ತಾನೇ ಸೆನ್ಸರ್ ಅನ್ನು ಅದರ ಜಾಗದಲ್ಲಿ ಬಿಡುತ್ತಾನೆ? ಆ ದೀಪವನ್ನೇ ತೆಗೆಸಿದೆವು.

ಹಣ ತಾನಾಗಿ ಕಡಿತವಾಗುವ ಭಾಗ ಇನ್ನೂ ದೊಡ್ಡ ರಗಳೆ. ನಿಯಮ ಸರಳವಾಗಿ ಬರೆದುಕೊಟ್ಟಿದ್ದರು: ಮೈನಸ್ 15 ದಾಟಿದರೆ ದಂಡ. ಫ್ರೀಜರ್ ಲಾರಿಯ ಯಂತ್ರ ಆಗಾಗ ಡೀಫ್ರಾಸ್ಟ್‌ಗೆ ಹೋಗುತ್ತದೆ. ಕಾಯಿಲ್ ಮೇಲೆ ಕಟ್ಟಿದ ಮಂಜು ಕರಗಿಸಲು ಅದನ್ನು ಬಿಸಿ ಮಾಡುತ್ತದೆ, ಆ ಹೊತ್ತಿನಲ್ಲಿ ಸುತ್ತಲಿನ ಗಾಳಿ ಬಿಸಿಯಾಗುತ್ತದೆ. ಮೀನಿನ ಗಟ್ಟಿ ಇಟ್ಟಿಗೆಗೆ ಅಷ್ಟರಲ್ಲಿ ಏನೂ ಆಗುವುದಿಲ್ಲ. ನಿಯಮವನ್ನು ತಾನಾಗಿ ಜಾರಿ ಮಾಡುವ ಚೈನ್ ಮೇಲಿನ ಕೋಡ್‌ಗೆ, ಅಂದರೆ ಸ್ಮಾರ್ಟ್ ಕಾಂಟ್ರಾಕ್ಟ್‌ಗೆ, ಅದು ಗೊತ್ತಿಲ್ಲ. ಪ್ರತಿ ಡೀಫ್ರಾಸ್ಟ್‌ಗೂ ಲಾರಿಯವರ ಬಾಡಿಗೆಯಿಂದ ಕತ್ತರಿಸುತ್ತಾ ಹೋಯಿತು. ಟ್ರಾನ್ಸ್‌ಪೋರ್ಟ್ ಮಾಲೀಕರು ಆಫೀಸಿಗೇ ಬಂದರು. "ಯಂತ್ರ ತನ್ನ ಕೆಲಸ ಮಾಡಿದ್ದಕ್ಕೆ ನನಗ್ಯಾಕ್ರೀ ದಂಡ?" ಅವರು ಕೇಳಿದ್ದು ನ್ಯಾಯವೇ. ಅವರ ಎದುರು ಲ್ಯಾಪ್‌ಟಾಪ್ ತಿರುಗಿಸಿ ತೋರಿಸಲು ನಮ್ಮ ಬಳಿ ಗ್ರಾಫ್ ಇತ್ತು, ಹಣ ವಾಪಸ್ ಕೊಡಿಸುವ ಬಟನ್ ಇರಲಿಲ್ಲ. ಬೇಡಿಕೆಯಂತೆಯೇ ಅದನ್ನು ಇಟ್ಟಿರಲಿಲ್ಲ.

ಆಮೇಲೆ ನಿಯಮ ಬದಲಾಯಿತು. ಒಂದು ಕ್ಷಣದ ಅಂಕಿಯ ಬದಲು, ಬಾಗಿಲ ಬಳಿಯ ಪ್ರೋಬ್ ಮಿತಿಗಿಂತ ಮೇಲೆ ಎಷ್ಟು ಹೊತ್ತು ಇತ್ತು ಎನ್ನುವುದು ಲೆಕ್ಕ. ಕಡಿತ ಇಲ್ಲ, ತಡೆಹಿಡಿಯುವುದು ಮಾತ್ರ. ಎರಡು ಪಕ್ಷದವರು ಒಪ್ಪಿ ಸಹಿ ಹಾಕಿದ ಮೇಲೆ ಹಣ ಆಚೆಗೋ ಈಚೆಗೋ. ಸ್ವಯಂಚಾಲಿತ ಅಂದರೆ ಮನುಷ್ಯ ಬೇಡ ಎಂದು ಓದಿಕೊಳ್ಳುವ ಉತ್ಸಾಹ ನಮ್ಮ ಕ್ಷೇತ್ರದಲ್ಲಿ ಸ್ವಲ್ಪ ಜಾಸ್ತಿ. 2016ರಲ್ಲಿ ಇಥೀರಿಯಂ ಮೇಲಿನ ದಿ ಡಿಎಒ ಎಂಬ ನಿಧಿಯಿಂದ ಕೋಡ್‌ನ ಒಂದು ಬಿರುಕಿನ ಮೂಲಕ ಸುಮಾರು 36 ಲಕ್ಷ ಈಥರ್ ನಾಣ್ಯ ಹೊರಗೆ ಹರಿದಾಗ, ಕೊನೆಗೆ ಮನುಷ್ಯರೇ ಕೂತು ಮಾತಾಡಿ ಚೈನ್ ಅನ್ನೇ ಕವಲೊಡೆಸಬೇಕಾಯಿತು. ಲಾರಿ ಬಾಡಿಗೆಗೆ ಅಷ್ಟೆಲ್ಲ ಯಾರು ಮಾಡುತ್ತಾರೆ?

ತಾಂತ್ರಿಕ ಕೆಲಸದವರಿಗಾಗಿ ಎರಡು ಮಾತು. ನಾವು ಬಳಸಿದ್ದು ಹೈಪರ್‌ಲೆಡ್ಜರ್ ಫ್ಯಾಬ್ರಿಕ್, ಗುರುತಿರುವ ಪಕ್ಷದವರು ಮಾತ್ರ ಸೇರುವ ಬ್ಲಾಕ್‌ಚೈನ್. ಅದರಲ್ಲಿ ಒಂದೇ ಚೈನ್‌ಕೋಡ್ (ಅಲ್ಲಿನ ಸ್ಮಾರ್ಟ್ ಕಾಂಟ್ರಾಕ್ಟ್) ಬೇರೆ ಬೇರೆ ಪಕ್ಷದವರ ಪಿಯರ್‌ಗಳಲ್ಲಿ, ಅಂದರೆ ನೋಡ್‌ಗಳಲ್ಲಿ, ಓಡಿ, ಎಲ್ಲರ ಉತ್ತರ ಅಕ್ಷರಶಃ ಹೊಂದಬೇಕು. ಕೋಡ್ ಒಳಗೆ ಪಿಯರ್‌ನ ಗಡಿಯಾರ ನೋಡಿದರೆ ಒಬ್ಬೊಬ್ಬರದು ಒಂದೊಂದು ಮಿಲಿಸೆಕೆಂಡ್, ವಹಿವಾಟು ಬಿದ್ದುಹೋಗುತ್ತದೆ. ವಹಿವಾಟಿನ ಜತೆ ಬರುವ ಸಮಯವನ್ನೇ ತೆಗೆದುಕೊಳ್ಳಿ. ಇನ್ನೊಂದು, ಶಿರಾಡಿಯಲ್ಲಿ ಸಿಗ್ನಲ್ ಇರುವುದಿಲ್ಲ. ಸಕಲೇಶಪುರ ದಾಟಿದ ಕೂಡಲೇ ಲಾಗರ್ ಕೂಡಿಟ್ಟದ್ದನ್ನೆಲ್ಲ ಒಟ್ಟಿಗೆ ಸುರಿಯುತ್ತದೆ. ಲಾರಿಯ ಮೊತ್ತವನ್ನು ಒಂದೇ ಕೀ (ಸಹಿಯ ಕೀ ಅಲ್ಲ, ಖಾತೆಯಲ್ಲಿ ದಾಖಲೆಯ ಹೆಸರು) ಅಡಿಯಲ್ಲಿ ಇಟ್ಟಿದ್ದರೆ, ಒಂದೇ ಬ್ಲಾಕ್‌ನಲ್ಲಿ (ಒಟ್ಟಿಗೆ ದಾಖಲಾಗುವ ವಹಿವಾಟುಗಳ ಕಟ್ಟು) ಆ ಕೀಯನ್ನು ಮುಟ್ಟುವ ವಹಿವಾಟುಗಳಲ್ಲಿ ಮೊದಲನೆಯದು ಮಾತ್ರ ಗೆಲ್ಲುತ್ತದೆ, ಉಳಿದವು ಅಮಾನ್ಯ. ಪ್ರತಿ ಗಂಟೆಯ ದಾಖಲೆಗೂ ಪ್ರತ್ಯೇಕ ಕೀ ಕೊಟ್ಟು, ಕೂಡುವ ಕೆಲಸವನ್ನು ಓದುವ ಹೊತ್ತಿಗೆ ಬಿಡಿ.

ಗಡಿಯಾರದ್ದೇ ಇನ್ನೊಂದು ಸಂಗತಿ. ಲಾಗರ್ ಪೆಟ್ಟಿಗೆಯಲ್ಲಿ ಡಿಎಸ್3231 ಎಂಬ ಚಿಪ್ ಇದೆ, ವರ್ಷಕ್ಕೆ ಒಂದು ನಿಮಿಷದಷ್ಟು ಮಾತ್ರ ತಪ್ಪುವ ಒಳ್ಳೆಯ ಗಡಿಯಾರ. ಆದರೆ ಬ್ಯಾಟರಿ ಬಿದ್ದುಹೋಗಿ ಮತ್ತೆ ಕರೆಂಟ್ ಬಂದರೆ ಅದು 00ನೇ ಇಸವಿಯ ಜನವರಿ 1ರಿಂದ ಎಣಿಕೆ ಶುರು ಮಾಡುತ್ತದೆ. ಪೆಟ್ಟಿಗೆ ನಿಷ್ಠೆಯಿಂದ 2000ನೇ ಇಸವಿಯ ಸಿಗಡಿಗೆ ಸಹಿ ಹಾಕುತ್ತದೆ, ಸಹಿಯೂ ಸಿಂಧು. ಗಡಿಯಾರ ನಡುವೆ ನಿಂತಿತ್ತು ಎಂದು ಹೇಳುವ ಒಂದು ಬಿಟ್ ಆ ಚಿಪ್‌ನಲ್ಲೇ ಇದೆ, ಅದನ್ನು ಓದಿ. ಜತೆಗೆ ಎಂದೂ ಹಿಂದಕ್ಕೆ ಹೋಗದ ಒಂದು ಎಣಿಕೆ ಮತ್ತು ಹಿಂದಿನ ದಾಖಲೆಯ ಹ್ಯಾಶ್ ಪ್ರತಿ ದಾಖಲೆಯಲ್ಲೂ ಇರಲಿ. ದಿನಾಂಕ ಹಾಳಾದರೂ ಕ್ರಮ ಉಳಿಯುತ್ತದೆ, ನಡುವೆ ಯಾರಾದರೂ ಒಂದು ಗಂಟೆ ಅಳಿಸಿದರೆ ಗೊತ್ತಾಗುತ್ತದೆ.

ಇನ್ನು ವಿಕೇಂದ್ರೀಕರಣ. ಇದರ ಬಗ್ಗೆ ನನಗೆ ಸ್ವಲ್ಪ ಖಾರವಾದ ಅಭಿಪ್ರಾಯವಿದೆ. ನಾಲ್ಕು ಪಕ್ಷ, ನಾಲ್ಕು ನೋಡ್ ಎಂದು ಚಿತ್ರ ಬರೆದೆವು. ಆದರೆ ಮೀನಿನ ಘಟಕದಲ್ಲಿ ಸರ್ವರ್ ನೋಡಿಕೊಳ್ಳುವವರು ಯಾರು? ಲಾರಿಯವರ ಆಫೀಸಿನಲ್ಲಿರುವುದು ಒಂದು ಕಂಪ್ಯೂಟರ್, ಅದರಲ್ಲಿ ಟ್ಯಾಲಿ. "ನೀವೇ ನಡೆಸಿಕೊಳ್ಳಿ" ಎಂದರು ಎಲ್ಲರೂ. ಕೊನೆಗೆ ನಾಲ್ಕೂ ನೋಡ್ ನಮ್ಮದೇ ಕ್ಲೌಡ್ ಖಾತೆಯಲ್ಲಿ, ನಮ್ಮದೇ ಪಾಸ್‌ವರ್ಡ್ ಅಡಿಯಲ್ಲಿ. ನಾಲ್ಕು ಮನೆಗೆ ನಾಲ್ಕು ಬೀಗ ಹಾಕಿ ಕೀಲಿಕೈಗಳನ್ನೆಲ್ಲ ಒಬ್ಬನ ಜೇಬಿಗೆ ಹಾಕಿದ ಹಾಗೆ. ಅದರ ಮೇಲೆ, ನೋಡ್‌ಗಳು ಒಮ್ಮತಕ್ಕೆ ಬರಲು ನಾವು ಬಳಸಿದ ರಾಫ್ಟ್ ಪದ್ಧತಿ ಒಂದು ನೋಡ್ ಸತ್ತರೆ ಸಹಿಸಿಕೊಳ್ಳುತ್ತದೆಯೇ ಹೊರತು ಸುಳ್ಳು ಹೇಳಿದರೆ ಅಲ್ಲ.

ಇದು ನಮ್ಮೊಬ್ಬರ ಕತೆಯಲ್ಲ. ಯಂತ್ರಗಳಿಗೆಂದೇ ಹುಟ್ಟಿದ ಐಯೋಟಾ ಜಾಲದಲ್ಲಿ ಬಹುಕಾಲ ಕೋಆರ್ಡಿನೇಟರ್ ಎಂಬ ಒಂದೇ ಕೇಂದ್ರ ಇತ್ತು. 2020ರ ಫೆಬ್ರವರಿಯಲ್ಲಿ ಅದರ ನಾಣ್ಯ ಇಡುವ ಟ್ರಿನಿಟಿ ವಾಲೆಟ್ ಆ್ಯಪ್‌ನಲ್ಲಿ ಕಳ್ಳತನ ಆದಾಗ ಕೋಆರ್ಡಿನೇಟರ್ ಅನ್ನು ನಿಲ್ಲಿಸಿ ಇಡೀ ಜಾಲದ ವಹಿವಾಟನ್ನೇ ತಡೆದರು. ಹಡಗು ಸಾಗಣೆಗಾಗಿ ಮೆರ್ಸ್ಕ್ ಮತ್ತು ಐಬಿಎಂ ಕಟ್ಟಿದ ಟ್ರೇಡ್‌ಲೆನ್ಸ್ ಎಂಬ ಬ್ಲಾಕ್‌ಚೈನ್ ವೇದಿಕೆಯನ್ನು ಮುಚ್ಚುವುದಾಗಿ 2022ರ ನವೆಂಬರ್‌ನಲ್ಲಿ ಪ್ರಕಟಿಸಿದರು. ಇಡೀ ಉದ್ಯಮ ಒಟ್ಟಾಗಿ ಬರಲಿಲ್ಲ ಎನ್ನುವುದು ಅವರೇ ಕೊಟ್ಟ ಕಾರಣ. ತಂತ್ರಜ್ಞಾನ ಕೈಕೊಟ್ಟಿತು ಎಂದು ಅವರು ಹೇಳಲಿಲ್ಲ.

ನಮಗೆ ದಾರಿ ಸಿಕ್ಕಿದ್ದು ಕಾಗದದಲ್ಲಿ. ಪ್ರತಿ ಲೋಡ್‌ಗೂ ಒಂದು ಎಲ್‌ಆರ್ (ಲಾರಿ ರಸೀದಿ) ಇರುತ್ತದೆ, ಅದರ ಪ್ರತಿಗಳು ಎಲ್ಲರ ಫೈಲ್‌ನಲ್ಲೂ ಹೇಗೂ ಕೂರುತ್ತವೆ. ನೆಲಮಂಗಲದಲ್ಲಿ ಸರಕು ಇಳಿದ ಮೇಲೆ, ಆ ಪ್ರಯಾಣದ ಎಲ್ಲ ಗಂಟೆಗಳ ಬೇರುಗಳನ್ನು ಸೇರಿಸಿದ ಒಂದು ಹ್ಯಾಶ್ ಅನ್ನು ಕ್ಯೂಆರ್ ಚೀಟಿಯಾಗಿ ಮುದ್ರಿಸಿ ಪ್ರತಿಗಳಿಗೆ ಅಂಟಿಸುತ್ತಾರೆ, ಅದರ ಮೇಲೆ ರಬ್ಬರ್ ಸ್ಟಾಂಪ್. ನಾಳೆ ನಮ್ಮ ಕ್ಲೌಡ್ ಖಾತೆಯಿಂದಲೇ ಯಾರಾದರೂ ಚರಿತ್ರೆ ತಿದ್ದಿದರೆ ನಾಲ್ಕು ಆಫೀಸಿನ ಫೈಲ್‌ಗಳಲ್ಲಿರುವ ಚೀಟಿ ಅದನ್ನು ಹಿಡಿದುಕೊಡುತ್ತದೆ. ಟ್ರಾನ್ಸ್‌ಪೋರ್ಟ್ ಮಾಲೀಕರು ಈ ವ್ಯವಸ್ಥೆಯಲ್ಲಿ ಮೊದಲ ಬಾರಿ ನಂಬಿದ್ದು ಆ ಚೀಟಿಯನ್ನು, ಏಕೆಂದರೆ ಅದು ಅವರ ಡ್ರಾಯರ್‌ನಲ್ಲಿತ್ತು.

ಹಾಗಾದರೆ ಬ್ಲಾಕ್‌ಚೈನ್ ಬೇಕಿತ್ತೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಎಲ್ಲರೂ ನಂಬುವ ಒಬ್ಬ ಮೂರನೆಯವರು ಇದ್ದಿದ್ದರೆ ಬೇಕಿರಲಿಲ್ಲ. ಸಹಿ ಹಾಕಿದ ದಾಖಲೆ, ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್, ಆ ಚೀಟಿ ಸಾಕಿತ್ತು. ಇಲ್ಲಿ ಅಂಥವರು ಇರಲಿಲ್ಲ, ಹಾಗಾಗಿ ಉಳಿಸಿಕೊಂಡಿದ್ದೇವೆ. ಕೋಲ್ಡ್ ಸ್ಟೋರೇಜ್‌ನವರು ಈಚೆಗೆ ತಮ್ಮ ನೋಡ್ ಅನ್ನು ತಮ್ಮದೇ ಯಂತ್ರಕ್ಕೆ ವರ್ಗಾಯಿಸಿಕೊಂಡರು. ಉಳಿದವರು ಇನ್ನೂ ನಮ್ಮ ಖಾತೆಯಲ್ಲೇ ಇದ್ದಾರೆ. ಸಗಟು ವ್ಯಾಪಾರಿ ಮತ್ತೆ ಹಣ ತಾನಾಗಿ ಕಡಿತವಾಗಲಿ ಎನ್ನುತ್ತಿದ್ದಾರೆ, ಲಾರಿಯವರು ಒಪ್ಪುತ್ತಿಲ್ಲ. ಸದ್ಯಕ್ಕೆ ಇಬ್ಬರೂ ಒಪ್ಪಿರುವುದು ಇಷ್ಟು: ಗ್ರಾಫ್ ಸ್ವಚ್ಛವಾಗಿದ್ದರೆ ಬಾಡಿಗೆ ಅದೇ ದಿನ ತಾನಾಗಿ ಬಿಡುಗಡೆ, ಇಲ್ಲದಿದ್ದರೆ ಇಬ್ಬರ ಸಹಿ ಆಗುವ ತನಕ ತಡೆ. ಮೊದಲು ಬಾಡಿಗೆಗಾಗಿ ವಾರಗಟ್ಟಲೆ ಅಲೆಯುತ್ತಿದ್ದ ಲಾರಿಯವರು ಈಗ ಪ್ರೋಬ್ ಸಡಿಲವಾದರೆ ತಾವೇ ಫೋನ್ ಮಾಡುತ್ತಾರೆ.