ಶ್ವಾಂಗೌ: ಅರಮನೆಗಿಂತ ಹಳೆಯ ಹಂಸ

ಜರ್ಮನಿಯ ಮ್ಯೂನಿಕ್‌ನಿಂದ ಫ್ಯೂಸೆನ್‌ಗೆ ಸುಮಾರು ಎರಡು ಗಂಟೆ ರೈಲು ಪ್ರಯಾಣ. ಇಳಿದವರಲ್ಲಿ ಹೆಚ್ಚಿನವರು ನೊಯ್‌ಶ್ವಾನ್‌ಸ್ಟೈನ್ ಅರಮನೆಯ ಬಸ್ಸಿಗೆ ಮುಗಿಬೀಳುತ್ತಾರೆ. ಆ ಅರಮನೆ ಇರುವುದು ಶ್ವಾಂಗೌ ಎಂಬ ಹಳ್ಳಿಗೆ ಸೇರಿದ ಬೆಟ್ಟದ ಮೇಲೆ. ಹಳ್ಳಿಯನ್ನು ಮಾತ್ರ ಯಾರೂ ಅಷ್ಟಾಗಿ ಕೇಳುವುದಿಲ್ಲ.

ನನಗೆ ಹಿಡಿಸಿದ್ದು ಹಳ್ಳಿಯ ಲಾಂಛನ. ಕೆಂಪು ಗುರಾಣಿ, ಅದರ ಮೇಲೆ ಒಂದು ಬಿಳಿ ಹಂಸ, ಅಷ್ಟೇ. ಜರ್ಮನ್ನರ 'ಶ್ವಾನ್' ಎಂದರೆ ಹಂಸ (ನಮ್ಮ ಶ್ವಾನ ಅಲ್ಲ!). ಊರಿನ ಹೆಸರನ್ನೇ ಚಿತ್ರ ಮಾಡಿದ್ದಾರೆ. ಇಂಥದ್ದನ್ನು ಅವರು 'ಮಾತಾಡುವ ಲಾಂಛನ' ಎನ್ನುತ್ತಾರೆ. ಲಾಂಛನಗಳು ಬಳಕೆಗೆ ಬಂದದ್ದು, ಶಿರಸ್ತ್ರಾಣದೊಳಗೆ ಮುಖ ಮುಚ್ಚಿಕೊಂಡ ಯೋಧ ಯಾರೆಂದು ಗುರಾಣಿ ನೋಡಿಯೇ ತಿಳಿಯಬೇಕಿದ್ದ ಕಾಲದಲ್ಲಿ. ಲಾಂಛನಗಳ ಲೆಕ್ಕದಲ್ಲಿ ಬಿಳಿ ಎಂದರೆ ಬೆಳ್ಳಿ. ಬಣ್ಣದ ಮೇಲೆ ಬಣ್ಣ ಬರಬಾರದು, ಲೋಹ ಬರಬೇಕು ಎಂಬುದು ನಿಯಮ. ಕೆಂಪಿನ ಮೇಲೆ ಬೆಳ್ಳಿ ಹಂಸ ದೂರದಿಂದಲೇ ಎದ್ದು ಕಾಣುತ್ತದೆ, ಅಲ್ವಾ?

ಹಂಸ ಎಂದ ಕೂಡಲೇ ಪ್ರವಾಸಿಗರಿಗೆ ನೆನಪಾಗುವುದು ಆ ಅರಮನೆ ಕಟ್ಟಿಸಿದ ಬವೇರಿಯಾದ ರಾಜ ಎರಡನೇ ಲುಡ್ವಿಗ್. ಆದರೆ ಈ ಹಂಸ ಅವನದ್ದಲ್ಲ, ಇಲ್ಲಿ ಆಳುತ್ತಿದ್ದ ಶ್ವಾಂಗೌ ಪಾಳೆಯಗಾರರದ್ದು. ಆ ಮನೆತನದ ಹಿಲ್ಟ್‌ಬೋಲ್ಟ್ ಪ್ರೇಮಗೀತೆ ಕಟ್ಟಿ ಹಾಡುತ್ತಿದ್ದ ಕವಿ. ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿರುವ, 14ನೇ ಶತಮಾನದ ಮಾನೆಸ್ಸೆ ಎಂಬ ಹಾಡುಗಳ ಹಸ್ತಪ್ರತಿಯಲ್ಲಿ ಅವನ ಚಿತ್ರವಿದೆ. ಇಬ್ಬರು ಹೆಂಗಸರ ನಡುವೆ ಕುಣಿಯುತ್ತಿದ್ದಾನೆ, ಅದೂ ಶಿರಸ್ತ್ರಾಣ ತೊಟ್ಟುಕೊಂಡೇ! ಮೈಮೇಲಿನ ಬಟ್ಟೆಯಲ್ಲೂ ಹಂಸಗಳು.

16ನೇ ಶತಮಾನದಲ್ಲಿ ಆ ವಂಶ ಅಳಿಯಿತು. ಕೋಟೆಗಳು ಪಾಳುಬಿದ್ದವು. 1832ರಲ್ಲಿ ಲುಡ್ವಿಗ್‌ನ ಅಪ್ಪ, ಆಗಿನ್ನೂ ಯುವರಾಜನಾಗಿದ್ದ ಮ್ಯಾಕ್ಸಿಮಿಲಿಯನ್, ಅದರಲ್ಲೊಂದನ್ನು ಕೊಂಡು ಹೊಸದಾಗಿ ಕಟ್ಟಿಸಿದ. ಅದೇ ಈಗಿನ ಹೋಹೆನ್‌ಶ್ವಾಂಗೌ. ಅಲ್ಲಿನ ಗೋಡೆಗಳ ಮೇಲೆ ಹಂಸ ಎಳೆಯುವ ದೋಣಿಯಲ್ಲಿ ಬರುವ ವೀರ ಲೋಹೆನ್‌ಗ್ರಿನ್‌ನ ಕಥೆಯನ್ನು ಚಿತ್ರಗಳಲ್ಲಿ ಬರೆಸಿದ. ಊರಿನ ಹಂಸಕ್ಕೆ ಹೀಗೆ ದಂತಕಥೆಯ ಹಂಸವೂ ಜೊತೆಯಾಯಿತು. ಆ ಚಿತ್ರಗಳನ್ನು ನೋಡುತ್ತಾ ಬೆಳೆದ ಹುಡುಗ ಲುಡ್ವಿಗ್. 15ನೇ ವಯಸ್ಸಿನಲ್ಲಿ ಸಂಗೀತಗಾರ ವ್ಯಾಗ್ನರ್‌ನ 'ಲೋಹೆನ್‌ಗ್ರಿನ್' ಒಪೆರಾ (ಸಂಗೀತ ನಾಟಕ) ನೋಡಿದ ಮೇಲಂತೂ ಹಂಸದ ಹುಚ್ಚು ಬಿಡಲೇ ಇಲ್ಲ. 1869ರಲ್ಲಿ ಹಳೇ ಶ್ವಾಂಗೌ ಕೋಟೆಗಳಿದ್ದ ಬಂಡೆಯ ಮೇಲೆಯೇ ತನ್ನ ಅರಮನೆಗೆ ಅಡಿಗಲ್ಲು ಹಾಕಿಸಿದ. ಅವನ ಮಲಗುವ ಕೋಣೆಯಲ್ಲಿ ಕೈತೊಳೆಯುವ ನಲ್ಲಿ ಕೂಡ ಹಂಸದ ಆಕಾರದ್ದು. ನನಗಂತೂ ಇದು ಸ್ವಲ್ಪ ಜಾಸ್ತಿಯಾಯಿತು ಅನ್ನಿಸಿತು.

ನೊಯ್‌ಶ್ವಾನ್‌ಸ್ಟೈನ್ ಎಂಬ ಹೆಸರನ್ನು ಅವನು ಕೇಳಲೇ ಇಲ್ಲ. ಅವನಿಗೆ ಅದು 'ಹೊಸ ಹೋಹೆನ್‌ಶ್ವಾಂಗೌ ಕೋಟೆ'. ಈಗಿನ ಹೆಸರು ಬಂದದ್ದು ಅವನು ಸತ್ತ ಮೇಲೆ. 1886ರ ಜೂನ್ 13ರಂದು ಅವನು ತೀರಿಕೊಂಡ. ಆಗಸ್ಟ್ 1ರಿಂದಲೇ ದುಡ್ಡು ಕೊಟ್ಟು ಅರಮನೆ ನೋಡುವವರು ಬರತೊಡಗಿದರು.