ಕಪ್ಪಾದ ಉಂಗುರ

ಇವತ್ತು ಬಿಸಿನೀರಿನ ಬುಗ್ಗೆಯಲ್ಲಿ ಮಿಂದು ಎದ್ದು ನೋಡಿದರೆ, ಬೆರಳಲ್ಲಿದ್ದ ಬೆಳ್ಳಿ ಉಂಗುರ ಕಪ್ಪಾಗಿತ್ತು. ಮಸಿ ಬಳಿದ ಹಾಗೆ.

ನೀರಿನಲ್ಲಿರುವ ಗಂಧಕದ ಕೆಲಸ ಅದು. ಕೈ ಮೂಸಿದರೆ ಇನ್ನೂ ಅದೇ ಕೊಳೆತ ಮೊಟ್ಟೆಯ ವಾಸನೆ.

ಆದರೆ ಮಂಡಿ ಹಗುರಾಗಿದೆ. ಕಂಬಿ ಹಿಡಿಯದೆ ಮೆಟ್ಟಿಲು ಹತ್ತಿದೆ!

ಇಂಗ್ಲೆಂಡಿನ ಬಾತ್ ಊರಿನಲ್ಲಿ ಸುಮಾರು 46 ಡಿಗ್ರಿ ಬಿಸಿಯಲ್ಲಿ ಉಕ್ಕುವ ನೀರು ಸಾವಿರಾರು ವರ್ಷಗಳ ಹಿಂದೆ ಸುರಿದ ಮಳೆಯಂತೆ. ನೆಲದಾಳಕ್ಕೆ ಇಳಿದು, ಅಲ್ಲೇ ಕಾದು, ಬಂಡೆಯ ಖನಿಜ ಕರಗಿಸಿಕೊಂಡು ಮೇಲೆ ಬರುತ್ತದೆ. ಎಷ್ಟು ತಾಳ್ಮೆ ಅಲ್ವಾ? ಯುರೋಪಿನ ಅಂಥ 11 ಊರುಗಳು 2021ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. ನೋವಿದ್ದವರು ಅಲ್ಲಿಗೆ ಹೋಗಿ ವಾರಗಟ್ಟಲೆ ಉಳಿಯುತ್ತಾರೆ. ನನಗೆ ಸಿಕ್ಕಿದ್ದು ಇಪ್ಪತ್ತು ನಿಮಿಷ.

ಉಂಗುರ ಉಜ್ಜಲು ಮನಸ್ಸಾಗುತ್ತಿಲ್ಲ. ನಾಳೆ ಬೆಳಿಗ್ಗೆ ಮತ್ತೆ ಇಳಿಯುತ್ತೇನೆ.