ಪೆನ್ನಿಗೊಂದು ಕ್ವಾರ್ಟ್ ಸರಿ, ಆದರೆ ಎಂಥ ಏಲ್?

16 ನವೆಂಬರ್ 2024, ಶನಿವಾರ

ಮಾಲ್ಟ್ ಕ್ವಾರ್ಟರಿಗೆ ಎಷ್ಟು ಶಿಲ್ಲಿಂಗೋ ಏಲ್ ಗ್ಯಾಲನ್ನಿಗೆ ಅಷ್ಟು ಫಾರ್ದಿಂಗ್. ಮಧ್ಯಯುಗದ ಕೊನೆಯ ಹೊತ್ತಿಗೆ ಇಂಗ್ಲೆಂಡಿನ ಪಟ್ಟಣಗಳಲ್ಲಿ ಏಲ್‌ಗೆ, ಅಂದರೆ ಬಾರ್ಲಿಯಿಂದ ಕಾಯಿಸಿದ ಮದ್ಯಕ್ಕೆ, ದರ ಕಟ್ಟಲು ಇದ್ದ ಬಾಯಿಲೆಕ್ಕ ಇದು. ಕೇಳಲು ಎಷ್ಟು ಸಲೀಸು! ಕಾಗದದ ಮೇಲೆ ಬಿಡಿಸಿದರೆ ಮಾತ್ರ ಇದರೊಳಗಿನ ಪೇಚು ಕಾಣುತ್ತದೆ.

ಕ್ವಾರ್ಟರ್ ಅಂದರೆ ಕಾಳು ಅಳೆಯುವ ಮಾಪು, 8 ಬುಷೆಲ್. ಅಷ್ಟು ಮಾಲ್ಟ್‌ನಿಂದ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ, 48 ಗ್ಯಾಲನ್ ಒಳ್ಳೆಯ ಏಲ್ ತೆಗೆಯಬೇಕು ಎಂಬುದು ಎಣಿಕೆ. ಮಾಲ್ಟ್ 4 ಶಿಲ್ಲಿಂಗ್ ಎಂದಿಟ್ಟುಕೊಳ್ಳಿ. ಗ್ಯಾಲನ್ನಿಗೆ 4 ಫಾರ್ದಿಂಗ್, ಅಂದರೆ 1 ಪೆನ್ನಿ. 48 ಗ್ಯಾಲನ್ನಿಗೆ 48 ಪೆನ್ನಿ, 12 ಪೆನ್ನಿಗೆ ಒಂದು ಶಿಲ್ಲಿಂಗಿನಂತೆ ಅದೂ 4 ಶಿಲ್ಲಿಂಗೇ. ಮಾಲ್ಟ್‌ಗೆ ಕೊಟ್ಟ ಅಸಲು ಕೈಗೆ ಬಂತು, ಅಷ್ಟೇ. ಸೌದೆ, ಕೂಲಿ, ಪೀಪಾಯಿ, ಲಾಭ ಇವೆಲ್ಲ ಬೇರೆ ಕಡೆಯಿಂದ ಹುಟ್ಟಬೇಕು. ಅದೇ ಕಾಳಿಗೆ ಎರಡನೇ ಸಲ ಬಿಸಿನೀರು ಹಾಕಿ ಬಸಿದರೆ ತೆಳು ಏಲ್ ಸಿಗುತ್ತದೆ. ಮೇಲೆ ಬಂದ ಯೀಸ್ಟ್ ನೊರೆಗೆ ಬ್ರೆಡ್ ಸುಡುವವರ ಗಿರಾಕಿ ಇತ್ತು, ಉಳಿದ ಚರಟ ಹಂದಿಗಳಿಗೆ. ಇವು ನ್ಯಾಯದ ದಾರಿಗಳು. ಇನ್ನೊಂದು ದಾರಿ ಎಂದರೆ 48ರ ಬದಲು 60 ಗ್ಯಾಲನ್ ಬಸಿಯುವುದು. ಆಗ 60 ಪೆನ್ನಿ, ಒಂದು ಶಿಲ್ಲಿಂಗ್ ಉಳಿತಾಯ, ಖರ್ಚು ನೀರಿನದು ಮಾತ್ರ.

ದರ ಕಟ್ಟುವ ಕಟ್ಟಳೆ ಇದಕ್ಕಿಂತ ಹಳೆಯದು. 1266-67ರ ಸುಮಾರಿನ ಬ್ರೆಡ್ ಮತ್ತು ಏಲ್ ಶಾಸನದಲ್ಲಿ ಗೋಧಿ ಕ್ವಾರ್ಟರಿಗೆ 3 ಶಿಲ್ಲಿಂಗ್ ಅಥವಾ 3 ಶಿಲ್ಲಿಂಗ್ 4 ಪೆನ್ನಿ, ಬಾರ್ಲಿ 20 ಪೆನ್ನಿ ಅಥವಾ 2 ಶಿಲ್ಲಿಂಗ್, ಓಟ್ಸ್ 16 ಪೆನ್ನಿ ಇದ್ದಾಗ ನಗರದಲ್ಲಿ ಪೆನ್ನಿಗೆ 2 ಗ್ಯಾಲನ್, ಹೊರಗೆ 3 ಅಥವಾ 4 ಗ್ಯಾಲನ್ ಕೊಡಬೇಕು ಎಂದಿದೆ. ತಪ್ಪಿದರೆ ದಂಡ, ಮತ್ತೆ ಮತ್ತೆ ತಪ್ಪಿದರೆ ಊರೆದುರು ಮಾನ ಹರಾಜು. ನಡೆದದ್ದು ಮಾತ್ರ ಬೇರೆ. ಹಳ್ಳಿಯ ಜಮೀನ್ದಾರಿ ಕೋರ್ಟುಗಳಲ್ಲಿ ಏಲ್ ಕಾಯಿಸಿದವರೆಲ್ಲ ಪ್ರತಿ ಬೈಠಕ್ಕಿಗೂ ಒಂದಿಷ್ಟು ಪೆನ್ನಿ ದಂಡ ತೆತ್ತು ಮನೆಗೆ ಹೋಗುತ್ತಿದ್ದರು. ಹೆಸರು ದಂಡ, ಕೆಲಸ ಲೈಸೆನ್ಸ್ ಫೀಯದು.

ನೀರಾಟ ಹಿಡಿಯಬೇಕಾದವನು ಏಲ್ ರುಚಿಗಾರ. ಸ್ಟ್ರಾಟ್‌ಫರ್ಡ್‌ನಲ್ಲಿ 1556ರಲ್ಲಿ ಈ ಕೆಲಸಕ್ಕೆ ಆಯ್ಕೆಯಾದವನು ಜಾನ್ ಶೇಕ್ಸ್‌ಪಿಯರ್, ನಾಟಕಕಾರನ ಅಪ್ಪ. ಏಲ್ ಕುಡಿಯಲು ಯೋಗ್ಯವೇ, ದರ ಸರಿಯೇ ಎಂದು ನೋಡಬೇಕಿತ್ತು. ಸಾಧನ ಎಂದರೆ ಅವನ ನಾಲಿಗೆ ಒಂದೇ. ಡೇರಿಯಲ್ಲಿ ಹಾಲಿಗೆ ಲ್ಯಾಕ್ಟೋಮೀಟರ್ ಅದ್ದಿದ ಹಾಗೆ ಅದ್ದಿ ನೋಡಲು ಆಗ ಏನೂ ಇರಲಿಲ್ಲ. ಹುಳಿ ಬಂದದ್ದು, ಕೆಟ್ಟದ್ದು ನಾಲಿಗೆಗೆ ಗೊತ್ತಾಗುತ್ತದೆ. 48 ಗ್ಯಾಲನ್ನಿನದೋ 54 ಗ್ಯಾಲನ್ನಿನದೋ ಎಂದು ನಾಲಿಗೆ ಹೇಳೀತೇ?

ನೀರಿನ ದಾರಿಯ ಪಕ್ಕದಲ್ಲೇ ಪೀಪಾಯಿಯ ದಾರಿಯೂ ಇತ್ತು. ಬಿಯರ್ (ಹಾಪ್ಸ್ ಎಂಬ ಕಹಿ ಹೂ ಹಾಕಿದ್ದು, ಹಳೆಯ ಏಲ್‌ಗೆ ಅದಿಲ್ಲ) ಕಾಯಿಸುವವರು ಪೀಪಾಯಿಗಳನ್ನು ತಾವೇ ಮಾಡಿಕೊಂಡು, ಅಳತೆಗಿಂತ ಚಿಕ್ಕದಾಗಿ ಮಾಡಿ ಪೂರ್ತಿ ಬೆಲೆ ವಸೂಲಿ ಮಾಡುತ್ತಿದ್ದರು. 8ನೇ ಹೆನ್ರಿಯ ಕಾಲದ 1532ರ ಕಾನೂನು ಪೀಪಾಯಿ ಕೆಲಸವನ್ನು ಅವರ ಕೈಯಿಂದ ಕಿತ್ತು ಆ ಕಸುಬಿನವರಿಗೇ ಬಿಟ್ಟಿತು. ಬಿಯರ್ ಬ್ಯಾರೆಲ್ 36 ಗ್ಯಾಲನ್, ಅದರ ಅರ್ಧ ಕಿಲ್ಡರ್‌ಕಿನ್ 18, ಕಾಲು ಭಾಗ ಫರ್ಕಿನ್ 9. ಏಲ್‌ಗೆ ಇವೇ 32, 16, 8. ದರ ಕಟ್ಟುವ ಅಧಿಕಾರ ಹಳ್ಳಿಗಾಡಿನಲ್ಲಿ ಜಸ್ಟೀಸ್ ಆಫ್ ದಿ ಪೀಸ್ ಎಂಬ ಸ್ಥಳೀಯ ನ್ಯಾಯಾಧಿಕಾರಿಗಳಿಗೆ, ಪಟ್ಟಣದಲ್ಲಿ ಮೇಯರ್‌ಗೆ. ಹೆಚ್ಚಿಗೆ ಮಾರಿದರೆ ಬ್ಯಾರೆಲ್ಲಿಗೆ 6 ಶಿಲ್ಲಿಂಗ್ ದಂಡ. ಏಲ್, ಬಿಯರ್ ಕಾನೂನುಗಳ ಇಡೀ ಸಾಲಿನಲ್ಲಿ ಬುದ್ಧಿ ಓಡಿಸಿ ಬರೆದ ಕಾನೂನು ಇದೊಂದೇ ಅನಿಸುತ್ತದೆ. ಪೀಪಾಯಿಯನ್ನು ಅಳೆಯಬಹುದು, ಅಳೆದದ್ದನ್ನು ಸಾಬೀತು ಮಾಡಬಹುದು.

ಖರ್ಚು ನಿಜವಾಗಿ ಎಷ್ಟಿತ್ತು? ಎಸೆಕ್ಸ್‌ನ ಪಾದ್ರಿ ವಿಲಿಯಂ ಹ್ಯಾರಿಸನ್, ಎಲಿಜಬೆತ್ ರಾಣಿಯ ಕಾಲದಲ್ಲಿ, ಹೆಂಡತಿ ಮನೆಯಲ್ಲಿ ಕಾಯಿಸುತ್ತಿದ್ದ ಬಿಯರಿನ ಲೆಕ್ಕ ಬರೆದಿಟ್ಟಿದ್ದಾನೆ. ಮಾಲ್ಟ್‌ಗೆ 10 ಶಿಲ್ಲಿಂಗ್, ಸೌದೆಗೆ 4, ಹಾಪ್ಸ್‌ಗೆ 20 ಪೆನ್ನಿ, ಮಸಾಲೆಗೆ 2 ಪೆನ್ನಿ, ಆಳುಗಳಿಗೆ ಎರಡೂವರೆ ಶಿಲ್ಲಿಂಗ್, ಪಾತ್ರೆ ಸವಕಳಿಗೆ 20 ಪೆನ್ನಿ. ಒಟ್ಟು 20 ಶಿಲ್ಲಿಂಗ್, ಬಂದದ್ದು 200 ಗ್ಯಾಲನ್. ಗ್ಯಾಲನ್ನಿಗೆ 1.2 ಪೆನ್ನಿ ಬಿತ್ತು. ಖರ್ಚಿನಲ್ಲಿ ಮಾಲ್ಟ್‌ನ ಪಾಲು ಅರ್ಧ ಮಾತ್ರ, ಸೌದೆಯೊಂದೇ ಒಟ್ಟು ಖರ್ಚಿನ ಐದನೇ ಒಂದು ಭಾಗ! ಮಾಲ್ಟ್ ದರವೊಂದನ್ನೇ ನೋಡಿ ಏಲ್ ದರ ಕಟ್ಟುವ ಹಳೆಯ ಬಾಯಿಲೆಕ್ಕ ಎಲ್ಲಿ ಸೋಲುತ್ತದೆ ಎಂದು ಈ ಪಟ್ಟಿಯೇ ಹೇಳುತ್ತದೆ.

1604ರಲ್ಲಿ ಪಾರ್ಲಿಮೆಂಟು ಏರಿಳಿಯುವ ದರವನ್ನೇ ಕೈಬಿಟ್ಟಿತು. ಒಳ್ಳೆಯ ಏಲ್ ಅಥವಾ ಬಿಯರ್ ಪೆನ್ನಿಗೆ ಒಂದು ಪೂರ್ತಿ ಕ್ವಾರ್ಟ್, ತೆಳುವಾದದ್ದು ಎರಡು ಕ್ವಾರ್ಟ್. ಕಡಿಮೆ ಕೊಟ್ಟರೆ 20 ಶಿಲ್ಲಿಂಗ್ ದಂಡ. ಗ್ಯಾಲನ್ನಿಗೆ 4 ಕ್ವಾರ್ಟ್‌ನಂತೆ ಬಿಯರ್ ಬ್ಯಾರೆಲ್ಲಿಗೆ 144 ಕ್ವಾರ್ಟ್, ಚಿಲ್ಲರೆಯಲ್ಲಿ ಸರಿಯಾಗಿ 12 ಶಿಲ್ಲಿಂಗ್. ತೆಳುವಾದದ್ದಕ್ಕೆ 6. ಬೆಳೆ ಕೆಟ್ಟು ಮಾಲ್ಟ್ ದುಬಾರಿಯಾದರೂ ಈ 12 ಅಲುಗುವಂತಿಲ್ಲ. ದರ ಅಲುಗದಿದ್ದರೆ ಅಲುಗುವುದು ಏಲ್‌ನ ಗಟ್ಟಿತನ. ‘ಒಳ್ಳೆಯದು’ ಯಾವುದು, ‘ತೆಳು’ ಯಾವುದು ಎಂದು ತೀರ್ಮಾನಿಸುವವರು ಯಾರು? ಇದಕ್ಕೆ ಉತ್ತರ ಹೇಳುವ ಅಳತೆ ಆಗ ಯಾರ ಕೈಯಲ್ಲೂ ಇರಲಿಲ್ಲ.

ಲೈಸೆನ್ಸ್ ವಿಷಯ ಚುಟುಕಾಗಿ: 1552ರ ಕಾನೂನಿನಿಂದ ಏಲ್‌ಮನೆ ನಡೆಸಲು ಇಬ್ಬರು ಜಸ್ಟೀಸ್‌ಗಳ ಅನುಮತಿ, ಜೊತೆಗೆ ಮುಚ್ಚಳಿಕೆ ಬೇಕಾಯಿತು. ಗುಟ್ಟಾಗಿ ಮಾರುವವರಲ್ಲಿ ಬಹುಪಾಲು ಬಡವರು. ದಂಡಕ್ಕೆ ಜಪ್ತಿ ಮಾಡಲು ಮನೆಯಲ್ಲಿ ಏನೂ ಇರುತ್ತಿರಲಿಲ್ಲ. ಅದಕ್ಕೇ 1627ರ ಕಾನೂನು ಕಟ್ಟಲಾಗದವರಿಗೆ ಚಾಟಿಯೇಟು ಸೇರಿಸಿತು.

ಬೊಕ್ಕಸ ತಾನೇ ಪಾಲುದಾರನಾದ ಮೇಲೆ ಆಟ ಬದಲಾಯಿತು. ಅಂತರ್ಯುದ್ಧದ ಖರ್ಚಿಗಾಗಿ ಜುಲೈ 1643ರಲ್ಲಿ ಪಾರ್ಲಿಮೆಂಟು ಅಬಕಾರಿ ಸುಂಕ ತಂದಿತು. 1660ರ ಹೊತ್ತಿಗೆ ಅದು ಹೀಗೆ ನೆಲೆನಿಂತಿತು: ಬ್ಯಾರೆಲ್ ಬೆಲೆ 6 ಶಿಲ್ಲಿಂಗಿಗಿಂತ ಹೆಚ್ಚಿದ್ದರೆ ಅದು ಗಟ್ಟಿ, ಸುಂಕ 2 ಶಿಲ್ಲಿಂಗ್ 6 ಪೆನ್ನಿ. 6 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೆಳು, ಸುಂಕ 6 ಪೆನ್ನಿ. ಗಟ್ಟಿತನ ಅಳೆಯಲಾಗದೆ ಬೆಲೆಯನ್ನೇ ಅಳತೆಗೋಲು ಮಾಡಿಕೊಂಡರು. (ತಯಾರಕರು ಘೋಷಿಸಿದ ಬೆಲೆ ನೋಡಿ ಮದ್ಯದ ಸುಂಕದ ಸ್ಲ್ಯಾಬ್ ಗೊತ್ತುಮಾಡಿದ್ದನ್ನು ಕಂಡ ಕರ್ನಾಟಕದವರಿಗೆ ಇದೇನೂ ವಿಚಿತ್ರ ಅನಿಸಬಾರದು.)

ಮೋಸ ಇಲ್ಲಿಯೇ ಹುಟ್ಟಿತು. ವಿಪರೀತ ಗಟ್ಟಿಯಾದ ಒಂದು ಬ್ಯಾರೆಲ್, ತೆಳುವಾದ ಎರಡು ಬ್ಯಾರೆಲ್ ಕಾಯಿಸಿ. ಅಧಿಕಾರಿ ಬಂದು ಅಳೆದು ಬರೆದುಕೊಳ್ಳುತ್ತಾನೆ. ಸುಂಕ ಮೂರೂವರೆ ಶಿಲ್ಲಿಂಗ್. ಅವನು ಬೀದಿ ದಾಟಿದ ಮೇಲೆ ಮೂರನ್ನೂ ಬೆರೆಸಿ. ಈಗ ಇರುವುದು 6 ಶಿಲ್ಲಿಂಗಿಗಿಂತ ಮೇಲೆ ಮಾರುವಂಥ ಮೂರು ಬ್ಯಾರೆಲ್, ನ್ಯಾಯವಾಗಿ ಅದಕ್ಕೆ ಏಳೂವರೆ ಶಿಲ್ಲಿಂಗ್ ಬರಬೇಕಿತ್ತು. ನಾಲ್ಕು ಶಿಲ್ಲಿಂಗ್ ಜೇಬಿಗೆ. ಬೆರೆಸುವುದನ್ನೇ ಅಪರಾಧ ಮಾಡುವ ಕಾನೂನುಗಳು ಆಮೇಲೆ ಬಂದವು.

ಅಳೆಯುವ ಅಧಿಕಾರಿಗೆ ಗೇಜರ್ ಎಂದು ಹೆಸರು. ಪ್ರತಿ ತೊಟ್ಟಿಯ ಅಗಲ ಮೊದಲೇ ಅಳೆದು, ಒಂದು ಅಂಗುಲ ಆಳಕ್ಕೆ ಎಷ್ಟು ಗ್ಯಾಲನ್ ಎಂದು ಪಟ್ಟಿ ಮಾಡಿಕೊಳ್ಳಬೇಕು, ಆಮೇಲೆ ಕೋಲು ಅದ್ದಿ ಒದ್ದೆಯಾದ ಅಂಗುಲ ಎಣಿಸಬೇಕು. ಏಲ್ ಗ್ಯಾಲನ್ 282 ಘನ ಅಂಗುಲ. 60 ಅಂಗುಲ ಅಡ್ಡಗಲದ ದುಂಡು ತೊಟ್ಟಿಯಲ್ಲಿ ಪ್ರತಿ ಅಂಗುಲಕ್ಕೆ ಹೆಚ್ಚುಕಡಿಮೆ 10 ಗ್ಯಾಲನ್ ಹಿಡಿಯುತ್ತದೆ. ನೊರೆಯನ್ನು ದ್ರವವೆಂದು ಎಣಿಸಿದರೆ, ತೊಟ್ಟಿ ಒಂದು ಕಡೆ ವಾಲಿದ್ದರೆ, ಒಂದೇ ಅಂಗುಲದ ತಪ್ಪಿಗೆ ಗಟ್ಟಿ ಬಿಯರಿನಲ್ಲಿ 8 ಪೆನ್ನಿಗೂ ಮಿಕ್ಕಿ ಸುಂಕ ಅತ್ತಿತ್ತ. ವಾಲಿದ ತೊಟ್ಟಿಯನ್ನು ಒಂದೇ ಕಡೆ ಅದ್ದಬಾರದು, ಎದುರುಬದುರು ಅದ್ದಿ ಸರಾಸರಿ ತೆಗೆಯಬೇಕು.

ಚಿಲ್ಲರೆ ಅಂಗಡಿಯ ಕಡೆ, 1700ರಲ್ಲಿ ಮೂರನೇ ವಿಲಿಯಂನ ಕಾನೂನು ಕ್ವಾರ್ಟ್, ಪಿಂಟ್ ಪಾತ್ರೆಗಳ ಮೇಲೆ ಕಿರೀಟ ಮತ್ತು ಡಬ್ಲ್ಯು ಆರ್ (ವಿಲಿಯಂ ರೆಕ್ಸ್, ಅಂದರೆ ರಾಜ ವಿಲಿಯಂ) ಮುದ್ರೆ ಕಡ್ಡಾಯ ಮಾಡಿತು. ಪಾತ್ರೆ ಎಷ್ಟು ಹಿಡಿಯುತ್ತದೆ ಎಂಬುದಕ್ಕೆ ಆ ಮುದ್ರೆ ಸಾಕ್ಷಿ, ಒಳಗೆ ಏನಿದೆ ಎಂಬುದಕ್ಕಲ್ಲ. ಗಟ್ಟಿತನ ಅಳೆಯುವ ಸ್ಯಾಕರೋಮೀಟರ್ ಬಗ್ಗೆ ಜಾನ್ ರಿಚರ್ಡ್‌ಸನ್ ವಿವರಿಸಿ ಬರೆದದ್ದು 1784ರಲ್ಲಿ. ಆ ಅಳತೆಯ ಮೇಲೆಯೇ ಬಿಯರ್ ಸುಂಕ ಹಾಕಲು ಬ್ರಿಟಿಷ್ ಸರ್ಕಾರ 1880ರವರೆಗೆ ಕಾಯಿತು.